ಅಂಗಡಿ ಕಟ್ಟೆ: ಫೋನಿನಲ್ಲಿ ಅಂದ ‘ಹೂಂ’



ನಮ್ಮ ಸಾಂಗಲಿ-ಮಿರಜ ಭಾಗದ ಸಮಾಜದ ಹುಡುಗರಲ್ಲಿ ಅನೇಕರು ಈಗ ಪೇಠೆಯಲ್ಲಿ ಗಾದಿ ಹಾಕಿ ಕೂಡ್ರುವುದಿಲ್ಲ. ಮನೆಯ ಒಂದು ಕೋಣೆ, ಒಂದು ತೂಕದ ಯಂತ್ರ, ಎರಡು ಮೊಬೈಲು, ಒಂದು ಕಂಪ್ಯೂಟರು ಇದ್ದರೆ ಅಂಗಡಿ ಆಯಿತು. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ, ಅರಿಶಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೆ ದೂರದೂರಿನ ಜನರೂ ಹೆಸರು ಹಿಡಿದು ಕೇಳುತ್ತಾರೆ. ಮಾಲು ಇಲ್ಲಿಂದ ಹೊರಟು ಎಂದೂ ಕಾಣದ ಊರಿನ ಎಂದೂ ಕಾಣದ ಮನೆಗೆ ಮುಟ್ಟುತ್ತದೆ. ಇದು ಸಂತೋಷದ ಮಾತೇ. ಮಕ್ಕಳು ಪುಣೆ-ಮುಂಬಯಿಗೆ ನೌಕರಿಗೆ ಓಡುವುದಕ್ಕಿಂತ ಮನೆಯಲ್ಲಿದ್ದು ನಾಲ್ಕು ಕಾಸು ಗಳಿಸಿದರೆ ಯಾರು ಬೇಡ ಅಂದಾರು?

ಆದರೆ ಈ ಹೊಸ ವ್ಯಾಪಾರದ ಒಂದು ಪದ್ಧತಿಯ ಬಗ್ಗೆ ಈ ತಿಂಗಳು ಬರೆಯಬೇಕೆನಿಸಿತು. ಅದು ನಮ್ಮ ಮನೆಗಳೊಳಗೆ ಎರಡೂ ಬಾಗಿಲಿನಿಂದ ಬಂದಿದೆ. ಮಗ ಆ ಪದ್ಧತಿಯಲ್ಲಿ ಮಾರುತ್ತಾನೆ, ತಾಯಿ ಅದೇ ಪದ್ಧತಿಯಲ್ಲಿ ಕೊಳ್ಳುತ್ತಾಳೆ. ಮಾಲು ಬಾಗಿಲಿಗೆ ಬಂದ ಮೇಲೆ ರೋಖ ಹಣ ಕೊಡುವ ಗಿರಾಕಿಗೆ, ಆರ್ಡರ್ ಕೊಟ್ಟಾದ ಬಳಿಕ ಫೋನ್ ಮಾಡಿ ಇನ್ನೊಂದಿಷ್ಟು ಮಾಲು ಹೇರುವುದು. ಇದಕ್ಕೆ ಅವರು ‘ಅಪ್‌ಸೆಲ್’ ಎನ್ನುತ್ತಾರೆ.

ಬಾಗಿಲಲ್ಲಿ ಹಣ ಕೊಡುವ ರೂಢಿ ಹೊಸದೆಂದು ಹುಡುಗರು ತಿಳಿದಿದ್ದಾರೆ. ಹೊಸದಲ್ಲ. ನಮ್ಮ ಅಂಚೆ ಇಲಾಖೆ ವಿ.ಪಿ.ಪಿ. ಪದ್ಧತಿಯನ್ನು 1877ರಲ್ಲಿಯೇ ಆರಂಭಿಸಿತು. ನಮ್ಮ ವಯಸ್ಸಿನವರಿಗೆ ಮಾಸಿಕಗಳ ಕೊನೆಯ ಪುಟದ ಜಾಹೀರಾತುಗಳು ನೆನಪಿರಬೇಕು. ಮುಂಗಡ ಹಣ ಬೇಡ, ಕಾರ್ಡು ಬರೆಯಿರಿ, ವಿ.ಪಿ.ಯಿಂದ ಕಳಿಸುತ್ತೇವೆ ಎಂದು ಇರುತ್ತಿತ್ತು. ಗಡಿಯಾರ, ರೇಡಿಯೋ, ಪುಸ್ತಕ, ಕೂದಲಿನ ಎಣ್ಣೆ ಎಲ್ಲವೂ ಹಾಗೆಯೇ ಬರುತ್ತಿದ್ದವು. ರೇಡಿಯೋ ಬರಬೇಕಾದ ಪೆಟ್ಟಿಗೆಯಲ್ಲಿ ಇಟ್ಟಂಗಿ ಬಂದ ಕಥೆಗಳನ್ನೂ ಕೇಳಿಯೇ ಬೆಳೆದಿದ್ದೇವೆ. ಪೋಸ್ಟ್‌ಮನ್ ಹಣ ಎಣಿಸಿಕೊಂಡ ಮೇಲೆಯೇ ಪೆಟ್ಟಿಗೆ ಕೈಗೆ ಕೊಡುತ್ತಿದ್ದ.

ಆ ಕಾಲದ ಅಂಚೆಯ ನಿಯಮದಲ್ಲಿ ಒಂದು ಒಳ್ಳೆಯ ಮಾತಿತ್ತು. ವಿ.ಪಿ. ಕಳಿಸುವವನು, ಇದು ನನಗೆ ಬಂದ ನಿಜವಾದ ಬೇಡಿಕೆಯ ಮೇರೆಗೆ ಕಳಿಸುತ್ತಿರುವ ಮಾಲು ಎಂದು ಬರೆದು ಸಹಿ ಮಾಡಬೇಕಾಗಿತ್ತು. ಕೇಳದವನ ಬಾಗಿಲಿಗೆ ಮಾಲು ಕಳಿಸಿ ನಾಚಿಕೆಗೆ ಅವನು ಹಣ ಕೊಡುವಂತೆ ಮಾಡಬಾರದೆಂಬುದೇ ಅದರ ಉದ್ದೇಶ. ಈಗ ಸಹಿ ಕೇಳುವ ಪೋಸ್ಟ್‌ಮಾಸ್ತರ ನಡುವೆ ಇಲ್ಲ. ಗಿರಾಕಿ ಹೌದೆಂದನೋ ಇಲ್ಲವೋ ಎಂಬುದನ್ನು ಮಾರುವವನೇ ತನ್ನ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಾನೆ. ಅಡಚಣಿ ಶುರುವಾಗುವುದು ಅಲ್ಲಿ.

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿ 2010ರಲ್ಲಿ ಬಾಗಿಲಿಗೆ ಹಣ ಪಡೆಯುವ ಸೌಕರ್ಯ ಕೊಟ್ಟ ಮೇಲೆ, ಬ್ಯಾಂಕಿನ ಕಾರ್ಡು ಇಲ್ಲದ ನಮ್ಮಂಥ ಊರುಗಳ ಜನ ಈ ವ್ಯಾಪಾರದೊಳಗೆ ಬಂದರು. ಈಗ ಫೋನಿನಿಂದಲೇ ಹಣ ಕಳಿಸುವುದು ಎಲ್ಲರಿಗೂ ಬರುತ್ತದೆ. ತರಕಾರಿಯವಳ ಬುಟ್ಟಿಯ ಮೇಲೂ ಅದರ ಚೌಕ ಚಿತ್ರ ಅಂಟಿದೆ. ಆದರೂ ಕಾಣದ ಅಂಗಡಿಯಿಂದ ತರಿಸುವಾಗ ಬಹಳ ಮಂದಿ ಬಾಗಿಲಲ್ಲೇ ಹಣ ಕೊಡುತ್ತೇವೆನ್ನುತ್ತಾರೆ. ಹಣ ಕಳಿಸಲು ಬಾರದೆಂದಲ್ಲ, ನಂಬಿಕೆ ಬಾರದೆಂದು. ಮಾಲು ಬಂದ ಮೇಲೆ ನೋಡೋಣ ಎಂಬುದು ಅವರ ಮಾತಿನ ಅರ್ಥ.

ಮಾರುವವನಿಗೆ ಇದರಿಂದ ತೊಂದರೆ ಇದೆ, ಅದನ್ನೂ ಹೇಳಬೇಕು. ಹಣ ಮೊದಲೇ ಕೊಟ್ಟವನು ಮಾಲು ಬಿಡುವುದಿಲ್ಲ. ಕೊಡದವನು ಬಾಗಿಲಲ್ಲಿ ‘ಬ್ಯಾಡ’ ಅಂದುಬಿಟ್ಟರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಮಾರಿದವನ ತಲೆಗೆ. ಆದಕಾರಣ ಪೊಟ್ಟಣ ಕಟ್ಟುವ ಮೊದಲು ಒಂದು ಫೋನ್ ಮಾಡಿ, ಆರ್ಡರ್ ಪಕ್ಕಾ ಏನ್ರಿ ಎಂದು ಕೇಳುವುದು ಯೋಗ್ಯವೇ. ನಾನು ಆ ಜಾಗದಲ್ಲಿದ್ದರೂ ಕೇಳುತ್ತಿದ್ದೆ. ಈ ಪಕ್ಕಾ ಮಾಡುವ ಫೋನಿನ ಬಾಲಕ್ಕೇ ಅಪ್‌ಸೆಲ್ ಅಂಟಿಕೊಂಡಿದೆ. ಹಣ ಕಾರ್ಡಿನಿಂದ ಬರುವುದಿದ್ದರೆ ಹೆಚ್ಚಿನ ಮಾಲಿಗೆ ಗಿರಾಕಿ ಮತ್ತೊಮ್ಮೆ ತಾನೇ ಹಣ ಕಳಿಸಬೇಕು, ಆಗ ವಿಚಾರ ಮಾಡಲು ಅವನಿಗೆ ಒಂದು ಗಳಿಗೆ ಸಿಗುತ್ತದೆ. ರೋಖದ ಗಿರಾಕಿಗೆ ಆ ಗಳಿಗೆಯೂ ಇಲ್ಲ. ಬಾಯಿಮಾತೇ ಸಾಕು, ಚೀಟಿಯ ಮೇಲಿನ ಮೊತ್ತ ಏರುತ್ತದೆ.

ನಮ್ಮ ಬೀಗರ ಕಡೆಯ ಒಬ್ಬ ಹುಡುಗ ಮಿರಜಿನಲ್ಲಿ ಈ ಧಂದೆ ಮಾಡುತ್ತಾನೆ. ಹುಡುಗ ಒಳ್ಳೆಯವನು, ರಾತ್ರಿ ಭೋಜನ ಇಂದಿಗೂ ಮಾಡುವುದಿಲ್ಲ. ಒಣದ್ರಾಕ್ಷಿಯನ್ನು ಆರಿಸಿ, ತೊಟ್ಟು ತೆಗೆದು, ಚೊಕ್ಕ ಪ್ಯಾಕೆಟು ಮಾಡುತ್ತಾನೆ. ಫೋನ್ ಮಾಡಲು ಇಬ್ಬರು ಹುಡುಗಿಯರನ್ನು ಇಟ್ಟುಕೊಂಡಿದ್ದಾನೆ. ಏನು ಮಾತಾಡಬೇಕೆಂಬುದನ್ನು ಹಿಂದಿಯಲ್ಲಿ ಬರೆದುಕೊಟ್ಟಿದ್ದಾನೆ. ಆ ಕಾಗದವನ್ನು ನಾನು ಓದಿ ನೋಡಿದೆ. ಮೊದಲು ಹೆಸರು, ವಿಳಾಸ ಕೇಳುವುದು. ಆಮೇಲೆ ಉಸಿರು ಬಿಡದೆ, ಇವತ್ತು ಮಾತ್ರ ಅರಿಶಿಣ ಮತ್ತು ಮಸಾಲೆಯ ಜೋಡಿ ಪ್ಯಾಕೆಟು 250 ರೂಪಾಯಿಗೆ ಇದೆ, ನಿಮ್ಮ ಪಾರ್ಸಲ್‌ನಲ್ಲಿ ಸೇರಿಸುತ್ತಿದ್ದೇವೆ, ಸರಿ ತಾನೇ ಎನ್ನುವುದು. ಬೇಕೇ ಎಂದಲ್ಲ, ಸರಿ ತಾನೇ ಎಂದು. ಇವತ್ತು ಮಾತ್ರ ಎಂದು ಬರೆದ ಕಾಗದಕ್ಕೆ ಚಹಾದ ಕಲೆ ಬಿದ್ದು ಬಹಳ ದಿನ ಆದಂತಿತ್ತು!

“ಮಾಮಾ, ಇದರಾಗ ತಪ್ಪೇನೈತ್ರಿ? ಅವರ ಹೂಂ ಅಂತಾರ, ನಾವು ಹಾಕತೇವಿ. ಎಲ್ಲಾರೂ ಹಿಂಗ ಮಾಡ್ತಾರ” ಅಂದ.

ಈ ‘ಹೂಂ’ ಎಂಬುದರ ಮೇಲೆ ಸ್ವಲ್ಪ ನಿಲ್ಲಬೇಕು. ಜತ್ತ, ಅಥಣಿ, ಕಾಗವಾಡದ ಕಡೆಯ ನಮ್ಮ ಅವ್ವಂದಿರಿಗೆ ಹಿಂದಿ ಫೋನು ಬಂದರೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿದರೂ ತಿಳಿಯದಿದ್ದರೂ ನಾವು ಕನ್ನಡಿಗರು ಎದುರಿನವರು ಮಾತಾಡುತ್ತಿರುವಾಗ ಹೂಂಗುಟ್ಟುತ್ತೇವೆ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂ ಅನ್ನಬೇಕು, ಇಲ್ಲದಿದ್ದರೆ ಕಥೆ ಮುಂದೆ ಸಾಗದು. ಆ ಹೂಂಗೆ ಕೇಳುತ್ತಿದ್ದೇನೆ ಎಂದು ಅರ್ಥ, ಒಪ್ಪಿದೆ ಎಂದಲ್ಲ. ರಾಜನು ರಾಕ್ಷಸನನ್ನು ಕೊಂದ ಎಂದಾಗ ಹೂಂ ಅಂದ ಕೂಸು ಕೊಲೆಗೆ ಒಪ್ಪಿಗೆ ಕೊಟ್ಟಂತಾಯಿತೇ? ಅವ್ವನ ಈ ಹೂಂ ಅನ್ನು ಆ ಹುಡುಗಿ 250 ರೂಪಾಯಿಯ ಆರ್ಡರ್ ಎಂದು ಬರೆದುಕೊಳ್ಳುತ್ತಾಳೆ. ನಮ್ಮ ದೇಶದ ಕರಾರು ಕಾಯ್ದೆ 1872ರದು. ಇಬ್ಬರೂ ಒಂದೇ ವಸ್ತುವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಅದು ಒಪ್ಪಿಗೆ ಎಂದು ಅದರಲ್ಲಿ ಹೇಳಿದೆ. ಆಕೆ ಒಪ್ಪಿದ್ದು ತಾನು ಕೇಳಿದ ಒಣದ್ರಾಕ್ಷಿಗೆ, ಇವಳು ಬರೆದದ್ದು ಮಸಾಲೆಗೂ ಸೇರಿಸಿ.

ಇನ್ನು ಬಾಗಿಲಿನ ಮಾತು. ಆರ್ಡರ್ ಕೊಟ್ಟವರು ಒಬ್ಬರು, ಬಾಗಿಲು ತೆಗೆಯುವವರು ಇನ್ನೊಬ್ಬರು. ಸೊಸೆ ಆಫೀಸಿಗೆ ಹೋಗುವಾಗ 450 ರೂಪಾಯಿ ಎಣಿಸಿ ದೇವರ ಗೂಡಿನ ಪಕ್ಕದಲ್ಲಿಟ್ಟು, ಪಾರ್ಸಲ್ ಬಂದರೆ ಕೊಡ್ರಿ ಅತ್ತೀ ಎಂದು ಹೇಳಿ ಹೋಗಿರುತ್ತಾಳೆ. ಪಾರ್ಸಲ್ಲಿನವನು 700 ಅನ್ನುತ್ತಾನೆ. ಅವನಿಗೆ ಇನ್ನೂ ಹತ್ತಾರು ಮನೆ ತಿರುಗಬೇಕಿದೆ, ನಿಂತ ಕಾಲಲ್ಲಿ ನಿಂತಿರುತ್ತಾನೆ. ಎದುರು ಮನೆಯವರು ನೋಡುತ್ತಿರುತ್ತಾರೆ. ಮುದುಕಿ ಒಳಗೆ ಹೋಗಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ತನ್ನ ದುಡ್ಡು ತೆಗೆದು ಕೊಡುತ್ತಾಳೆ, ಇಲ್ಲವೇ ಬ್ಯಾಡಪ್ಪಾ ತಗೊಂಡು ಹೋಗು ಅನ್ನುತ್ತಾಳೆ. ಒಣದ್ರಾಕ್ಷಿ ಇಟ್ಟು ಮಸಾಲೆ ಒಯ್ಯಿ ಎನ್ನುವ ಹಾದಿ ಸಾಮಾನ್ಯವಾಗಿ ಇರುವುದಿಲ್ಲ. ಚೀಟಿಯ ಮೇಲಿನ ಪೂರ್ತಿ ಮೊತ್ತ ಕೊಡಬೇಕು ಅಥವಾ ಪೂರ್ತಿ ಪೊಟ್ಟಣ ಮರಳಿಸಬೇಕು. ಅಂದರೆ ಬೇಡದ ಮಾಲು ಬೇಕಾದ ಮಾಲನ್ನು ಒತ್ತೆ ಇಟ್ಟುಕೊಂಡ ಹಾಗಾಯಿತು. ಹಣ ಕೊಟ್ಟ ಮನೆಯಲ್ಲಿ ಸಂಜೆ ಅತ್ತೆ ಸೊಸೆಯರ ನಡುವೆ ಏನು ನಡೆಯುತ್ತದೆಂಬುದು ಮಿರಜಿನ ಕಂಪ್ಯೂಟರಿಗೆ ಕಾಣುವುದಿಲ್ಲ.

ಹುಡುಗನಿಗೆ ಧರ್ಮ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾನೆಂದು ನಾನು ಲೆಕ್ಕದ ಕಾಗದ ತೆಗೆದೆ. ತಿಳುವಳಿಕೆಗಾಗಿ ಹಾಕಿದ ಲೆಕ್ಕ ಇದು, ಎಲ್ಲರ ಧಂದೆಯಲ್ಲೂ ಅಂಕಿ ಬೇರೆ ಇರುತ್ತದೆ. 450 ರೂಪಾಯಿಯ ಪೊಟ್ಟಣದಲ್ಲಿ ಮಾಲು, ಪ್ಯಾಕಿಂಗ್ ಖರ್ಚು ಕಳೆದು 110 ಉಳಿಯುತ್ತದೆಂದು ಹಿಡಿಯಿರಿ. ಕಳಿಸುವ ಬಾಡಿಗೆ 70 ಕಳೆದರೆ ನಿವ್ವಳ 40. ಹತ್ತು ಪೊಟ್ಟಣ ಕಳಿಸಿ ಎರಡು ವಾಪಸು ಬಂದರೆ, ಎಂಟರ ಲಾಭ 320. ವಾಪಸು ಬಂದ ಒಂದೊಂದಕ್ಕೆ ಹೋಗುವ 70, ಬರುವ 60 ಸೇರಿ 130, ಎರಡಕ್ಕೆ 260 ಹಾನಿ. ಉಳಿದದ್ದು 60 ರೂಪಾಯಿ. ಈಗ ಅದೇ ಪೊಟ್ಟಣಕ್ಕೆ 250ರ ಮಾಲು ಸೇರಿಸೋಣ. ಅದರಲ್ಲಿ 80 ಹೆಚ್ಚು ಉಳಿದು, ತೂಕ ಏರಿದ್ದಕ್ಕೆ ಬಾಡಿಗೆ 20 ಏರಿ, ಪೊಟ್ಟಣಕ್ಕೆ ನಿವ್ವಳ 100 ಆಯಿತು. ಆದರೆ ವಾಪಸು ಬಂದದ್ದಕ್ಕೆ ಹಾನಿ 170 ಆಯಿತು.

“ಹತ್ತರಾಗ ಮೂರು ವಾಪಸ್ ಬಂದ್ರ?” ಅಂದ ಹುಡುಗ.

ಏಳರ ಲಾಭ 700, ಮೂರರ ಹಾನಿ 510, ಉಳಿದದ್ದು 190. ಹುಡುಗನ ಮುಖ ಅರಳಿತು. ನಿಜ, ಅಲ್ಲಿಯ ತನಕ ಅವನ ಮಾತೇ ಸರಿ. ನಾಲ್ಕು ವಾಪಸು ಬಂದರೋ? ಆರರ ಲಾಭ 600, ನಾಲ್ಕರ ಹಾನಿ 680. ಕೈಯಿಂದ 80 ರೂಪಾಯಿ ಹಾಕಬೇಕು. ಮೇಲಾಗಿ ಏಪ್ರಿಲ್ ಬಿಸಿಲಿನಲ್ಲಿ ಹದಿನೈದು ದಿನ ಗಾಡಿಯಲ್ಲಿ ತಿರುಗಿ ಬಂದ ಒಣದ್ರಾಕ್ಷಿ ಅಂಟು ಅಂಟಾಗಿ, ಮತ್ತೊಬ್ಬರಿಗೆ ಕಳಿಸಲು ಬರುವುದಿಲ್ಲ. ಆ ಹಾನಿಯನ್ನು ನಾನು ಹಿಡಿದೇ ಇಲ್ಲ. ಒಂದು ಪೊಟ್ಟಣ ಹೆಚ್ಚು ಮರಳಿದರೆ ಲಾಭ, ಎರಡು ಮರಳಿದರೆ ಹಾನಿ. ಇಷ್ಟು ಸಣ್ಣ ಗೆರೆಯ ಮೇಲೆ ಈ ಅಪ್‌ಸೆಲ್ ನಿಂತಿದೆ. ನಿನ್ನ ಲೆಕ್ಕದಲ್ಲಿ ಎಷ್ಟು ಮರಳಿವೆ ಎಂದು ಕೇಳಿದೆ. ಮರಳಿದ್ದು ಒಟ್ಟಿಗೆ ಬರೆದಿದ್ದ, ಫೋನಿನಲ್ಲಿ ಮಾಲು ಸೇರಿಸಿದ್ದೆಷ್ಟು, ಸೇರಿಸದ್ದೆಷ್ಟು ಎಂದು ಬೇರೆ ಮಾಡಿರಲಿಲ್ಲ. ನಮ್ಮ ಹಳೆಯ ಮುನೀಮರು ಇದ್ದಿದ್ದರೆ ಮೊದಲು ಅದಕ್ಕೇ ಬೈಯುತ್ತಿದ್ದರು.

ಲೆಕ್ಕದಲ್ಲಿ ಲಾಭವೇ ಬಂತೆನ್ನಿ, ಆಗಲೂ ಪ್ರಶ್ನೆ ಮುಗಿಯಲಿಲ್ಲ. ಸರಕಾರದ ಕಾಯ್ದೆ ಒಂದಿದೆ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕನ ಒಪ್ಪಿಗೆ ಸ್ಪಷ್ಟವಾಗಿ ಅವನದೇ ಆಗಿರಬೇಕು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ಹಿಡಿಯಬಾರದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂಬ ಮೋಸದ ಪದ್ಧತಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿತು. ಈಗಲೇ ಕೊಳ್ಳದಿದ್ದರೆ ಮುಗಿಯಿತೆಂದು ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ಬೇಡ ಎಂದವನನ್ನು ನಾಚಿಸುವುದು ಮತ್ತೊಂದು. ಇದು ದೊಡ್ಡ ಕಂಪನಿಗಳಿಗಷ್ಟೇ ಎಂದು ಹುಡುಗರು ತಿಳಿಯಬಾರದು, ಮಾರುವವರಿಗೂ ಅನ್ವಯಿಸುತ್ತದೆ. ಇದರಲ್ಲಿ ನನ್ನ ಗಮನ ಸೆಳೆದ ಸಂಗತಿ ಬೇರೆ. ಕೇಳದೆ ಬುಟ್ಟಿಗೆ ಸೇರಿಸಬಾರದ್ದರ ಪಟ್ಟಿಯಲ್ಲಿ ಧರ್ಮಾದಾಯ ದಾನವೂ ಇದೆ! ಗೋಶಾಲೆಗೆಂದು 10 ರೂಪಾಯಿ ಬಿಲ್ಲಿಗೆ ಸೇರಿಸಿದರೆ ಪುಣ್ಯವಲ್ಲವೇ ಎಂದು ನಮ್ಮವರು ಕೇಳಬಹುದು. ಕೊಟ್ಟವನಿಗೆ ಗೊತ್ತಿಲ್ಲದ ದಾನ ಯಾರ ದಾನ?

ಬಾಗಿಲಲ್ಲಿ ಹಣ ಕೊಡುವವರಿಂದ ಬೇರೆ ಬೇರೆ ಹೆಸರಿನ ಹೆಚ್ಚಿನ ಶುಲ್ಕ ವಸೂಲಿ ಮಾಡುತ್ತಾರೆಂಬ ದೂರುಗಳು ಬಂದದ್ದರಿಂದ ತನಿಖೆ ಆರಂಭವಾಗಿದೆ ಎಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರಾದ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಪ್ರಕಟಿಸಿದರು. ಶುಲ್ಕ ಬೇರೆ, ಅಪ್‌ಸೆಲ್ ಬೇರೆ. ಆದರೆ ಎರಡೂ ಬೀಳುವುದು ಅದೇ ಗಿರಾಕಿಯ ಮೇಲೆ, ಮಾಲು ಕಾಣದೆ ಹಣ ಕೊಡಲು ಅಂಜುವವನ ಮೇಲೆ.

ಶ್ರಾವಕನಿಗೆ ಸರಕಾರದ ಮಾರ್ಗಸೂಚಿಗಿಂತ ಹಳೆಯದೊಂದು ಇದೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ವ್ಯಾಪಾರಿಗಳಾದ ನಾವು ಅಚೌರ್ಯದ ಅತಿಚಾರಗಳನ್ನು ಬಾಯಿಪಾಠ ಮಾಡಿದ್ದೇವೆ, ತೂಕದಲ್ಲಿ ಹೆಚ್ಚು ಕಡಿಮೆ ಮಾಡಬಾರದು, ಕಲಬೆರಕೆ ಮಾಡಬಾರದು ಎಂದು. ಹುಡುಗನ ತೂಕ ಚೊಕ್ಕ, ಮಾಲೂ ಚೊಕ್ಕ. ಆದ್ದರಿಂದ ತನಗೆ ಯಾವ ದೋಷವೂ ತಾಗದೆಂದು ಅವನು ನಿಶ್ಚಿಂತನಾಗಿದ್ದ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದಿದೆ, ಸುಳ್ಳು ಬರಹ. ಆಕೆ ಹೇಳದ್ದನ್ನು ಹೇಳಿದಳೆಂದು ಕಂಪ್ಯೂಟರಿನಲ್ಲಿ ಬರೆಯುವುದು ಮತ್ತೇನು? ನಾನು ಬರೆಯಲಿಲ್ಲ, ಹುಡುಗಿ ಬರೆದಳು ಎನ್ನಲೂ ಬರುವುದಿಲ್ಲ. ಕೃತ, ಕಾರಿತ, ಅನುಮೋದನೆ ಮೂರನ್ನೂ ನಮ್ಮಲ್ಲಿ ಲೆಕ್ಕ ಹಿಡಿಯುತ್ತಾರೆ. ಆ ಹುಡುಗಿಗೆ ಸೇರಿಸಿದ ಒಂದೊಂದು ಪ್ಯಾಕೆಟಿಗೆ ಇಷ್ಟೆಂದು ಕಮಿಶನ್ ಇತ್ತು. ಬಡವರ ಮನೆಯ ಹುಡುಗಿ, ನಾಲ್ಕು ದುಡ್ಡಿನ ಆಸೆಗೆ ಹೂಂ ಕೇಳದಿದ್ದರೂ ಕೇಳಿಸಿತೆಂದಾಳು. ದೋಷದ ಮೂಲ ಕಮಿಶನ್ ಇಟ್ಟ ಕಡೆಗಿದೆ.

ನಮ್ಮ ಮನೆಗಳಿಗೆ ತಾಗುವ ಮತ್ತೊಂದು ಸಂಗತಿ. ಜೋಡಿ ಪ್ಯಾಕೆಟು, ಮೂರು ಕೊಂಡರೆ ಒಂದು ಪುಕ್ಕಟೆ ಎಂಬ ಆಸೆಗೆ ಮನೆಯಲ್ಲಿ ಪದಾರ್ಥ ಬೀಳುತ್ತದೆ. ಹಿಟ್ಟಿನ ಮರ್ಯಾದೆ ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7 ಎಂದು ಪಾಲಿಸಿಕೊಂಡು ಬಂದ ಮನೆಗಳು ನಮ್ಮವು. ಚಾತುರ್ಮಾಸ ಬಂತೆಂದರೆ ನಮ್ಮ ಹೆಂಗಸರು ಡಬ್ಬಿಗಳನ್ನು ಖಾಲಿ ಮಾಡುತ್ತ ಬರುತ್ತಿದ್ದರು, ತುಂಬುತ್ತಿರಲಿಲ್ಲ. ಕೃಷ್ಣಾ ತೀರದ ಜಡಿಮಳೆಯಲ್ಲಿ ಬೇಡದೆ ಬಂದ ಎರಡು ಕಿಲೋ ಪದಾರ್ಥಕ್ಕೆ ಹುಳ ಬಿದ್ದು ತಿಪ್ಪೆಗೆ ಹೋದರೆ, ಆ ಜೀವಹಿಂಸೆಯ ಪಾಲು ಕೊಂಡವರಿಗೆಷ್ಟು, ಕೊಳ್ಳಿಸಿದವರಿಗೆಷ್ಟು ಎಂಬುದನ್ನು ತಿಳಿದವರು ಹೇಳಬೇಕು. ನಾನು ಮ್ಯಾಟ್ರಿಕ್ ಓದಿದವನು.

ಹಾಗಾದರೆ ಗಿರಾಕಿಗೆ ಏನನ್ನೂ ತೋರಿಸಬಾರದೇ, ಕೇಳಿದ್ದಷ್ಟೇ ಕಟ್ಟಿ ಬಾಯಿ ಮುಚ್ಚಿಕೊಳ್ಳಬೇಕೇ? ಅದೂ ವ್ಯಾಪಾರವಲ್ಲ. ಸಿದ್ಧಚಕ್ರ ವಿಧಾನಕ್ಕೆ ಸಾಮಾನು ಒಯ್ಯಲು ಬಂದವರು ಅಕ್ಕಿ, ಬಾದಾಮಿ, ಧೂಪ ಬರೆದು ಕೊಬ್ಬರಿ ಬಟ್ಟಲು ಮರೆತಿದ್ದರೆ, ಕೊಬ್ಬರಿ ಬ್ಯಾಡೇನ್ರಿ ಎಂದು ಕೇಳದ ಅಂಗಡಿಯವನು ಎಂಥವನು? ಅವರು ಮನೆಗೆ ಹೋಗಿ ಮತ್ತೆ ಓಡಿ ಬರಬೇಕು. ಹಾಗೆಯೇ ಹತ್ತು ಮಂದಿಯ ಪಾಯಸಕ್ಕೆ ಒಂದು ಕಿಲೋ ಒಣದ್ರಾಕ್ಷಿ ಕೇಳಿದರೆ, ಅಷ್ಟು ಬೇಡ್ರಿ ಪಾವ ಕಿಲೋ ಸಾಕು ಎನ್ನುವುದೂ ಅದೇ ನಾಲಿಗೆಯ ಕೆಲಸ. ಕಟ್ಟೆಯ ಮುಂದೆ ನಿಂತವರ ಮುಖ ನೋಡಿ, ಕೈಯಲ್ಲಿರುವ ಚೀಟಿ ನೋಡಿ, ಎಷ್ಟು ಹೇಳಬೇಕೆಂಬುದು ನಮಗೆ ತಿಳಿಯುತ್ತಿತ್ತು. ಫೋನಿನಲ್ಲಿ ಮುಖ ಕಾಣದು. ಆದ್ದರಿಂದ ಅಲ್ಲಿ ಹೆಚ್ಚು ಜಾಗ್ರತೆ ಬೇಕು, ಕಡಿಮೆಯಲ್ಲ.

ಹುಡುಗನೊಂದಿಗೆ ಕೂತು ಕಾಗದವನ್ನು ಬೇರೆ ಬರೆಸಿದೆ. ಮೊದಲು ಗಿರಾಕಿಯ ಆರ್ಡರಿನ ಮೊತ್ತ ಹೇಳಿ, ಅದು ಪಕ್ಕಾ ಆಯಿತೆಂದು ಮುಗಿಸಬೇಕು. ಆಮೇಲೆ ಬೇರೆ ಮಾತಾಗಿ, ಇಂಥ ಪದಾರ್ಥ ಇದೆ, ಬೇಕೇ ಎಂದು ಒಂದೇ ಸಲ ಕೇಳಬೇಕು. ಬೇಕು ಎಂಬ ಶಬ್ದ ಬಾಯಿಂದ ಬರಬೇಕು, ಹೂಂ ನಡೆಯದು. ಬೇಕೆಂದರೆ ಹೊಸ ಮೊತ್ತವನ್ನು ಎರಡು ಸಲ ಹೇಳಿ, ಮನೆಯಲ್ಲಿ ಹಣ ಕೊಡುವವರಿಗೂ ತಿಳಿಯುವಂತೆ ಫೋನಿಗೆ ಬರೆದು ಕಳಿಸಬೇಕು. ಕನ್ನಡದ ವಿಳಾಸ ಕಂಡರೆ ಕನ್ನಡದಲ್ಲಿ ಮಾತಾಡಬೇಕು. ಅವನ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಜತ್ತ ತಾಲೂಕಿನವಳು, ಮನೆಮಾತು ಕನ್ನಡವೇ. ಇಷ್ಟು ದಿನ ಅವಳಿಂದ ಹಿಂದಿ ಓದಿಸುತ್ತಿದ್ದನಲ್ಲ! ಕಮಿಶನ್ನನ್ನು ಸೇರಿಸಿದ ಪ್ಯಾಕೆಟಿಗಲ್ಲ, ಮರಳದೆ ಮುಟ್ಟಿದ ಪೊಟ್ಟಣಕ್ಕೆ ಕೊಡು ಎಂದೆ. ಉಳಿದದ್ದಕ್ಕೆ ಒಪ್ಪಿದ, ಇದಕ್ಕೆ ಮಾತ್ರ ವಿಚಾರ ಮಾಡತೇನ್ರಿ ಅಂದ.

ಕೊಳ್ಳುವ ಕಡೆಯ ತಾಯಂದಿರಿಗೆ ಎರಡು ಮಾತು. ಆರ್ಡರ್ ಪಕ್ಕಾ ಮಾಡುವ ಫೋನು ಬಂದರೆ ಹೂಂಗುಟ್ಟದೆ ಬೇಕು ಅಥವಾ ಬೇಡ ಎನ್ನಿರಿ, ಕೊನೆಗೆ ಒಟ್ಟು ಎಷ್ಟೆಂದು ನೀವೇ ಕೇಳಿರಿ. ಆ ಮೊತ್ತವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಬಾಗಿಲಲ್ಲಿ ಬೇರೆ ಮೊತ್ತ ಹೇಳಿದರೆ ಪಾರ್ಸಲ್ಲಿನ ಹುಡುಗನ ಮೇಲೆ ರೇಗಬೇಡಿರಿ, ಅವನಿಗೆ ಒಳಗಿನದು ಗೊತ್ತಿರುವುದಿಲ್ಲ, ಬಿಸಿಲಲ್ಲಿ ಬಂದವನಿಗೆ ನೀರು ಕೊಟ್ಟು ಪೊಟ್ಟಣ ಮರಳಿಸಿರಿ. ಮರಳಿಸಿದರೆ ಮಾನ ಹೋಗುವುದಿಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲೂ ದೂರು ಹೇಳಲು ಅಲ್ಲಿ ವ್ಯವಸ್ಥೆ ಇದೆ. ಚೀಟಿ ಅಂಟಿಸಿದ ಹೊದಿಕೆಯನ್ನು ಹರಿದು ಒಗೆಯದೆ ಇಟ್ಟುಕೊಂಡಿರಬೇಕು.

ಹುಡುಗನ ಹೊಸ ಕಾಗದದ ಫೋನು ಶುರುವಾಗಿ ಮೂರು ವಾರ ಆಯಿತು. ಮಾಲು ಸೇರಿಸುವವರು ಅರ್ಧಕ್ಕಿಂತ ಕಡಿಮೆ ಆಗಿದ್ದಾರೆಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ. ವಾಪಸು ಬರುವ ಪೊಟ್ಟಣಗಳು ಮರಳಲು ಹದಿನೈದು ಇಪ್ಪತ್ತು ದಿನ ಹಿಡಿಯುವುದರಿಂದ ಅವುಗಳ ಲೆಕ್ಕ ಇನ್ನೂ ಕೈಗೆ ಬಂದಿಲ್ಲ. ಈ ಸಲ ಎರಡು ಬೇರೆ ಬೇರೆ ಪುಟದಲ್ಲಿ ಬರೆಯುತ್ತಿದ್ದಾನೆ.